ಸೋಸದ ಸುದ್ದಿಯ ಬೆಲೆ

2008ರ ಅಕ್ಟೋಬರ್ 3ರಂದು ಸಿಎನ್‌ಎನ್ ಸುದ್ದಿಸಂಸ್ಥೆಯ, ಜನಸಾಮಾನ್ಯರೇ ವರದಿ ಹಾಕಬಹುದಾಗಿದ್ದ ‘ಐರಿಪೋರ್ಟ್’ ಜಾಲತಾಣದಲ್ಲಿ ಒಂದು ಸುದ್ದಿ ಕಾಣಿಸಿಕೊಂಡಿತು. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್‌ಗೆ ತೀವ್ರ ಹೃದಯಾಘಾತವಾಗಿದೆ, ಆಸ್ಪತ್ರೆಗೆ ಸಾಗಿಸಿದ್ದಾರೆ ಎಂದು. ಬರೆದವರ ನಿಜವಾದ ಹೆಸರಿರಲಿಲ್ಲ. ನಂಬಿಕಸ್ಥರೊಬ್ಬರು ತಿಳಿಸಿದ್ದು ಎಂಬ ಮಾತೇ ಅದಕ್ಕಿದ್ದ ಆಧಾರ.

ಹೃದಯಾಘಾತ ಆಗಿರಲೇ ಇಲ್ಲ.

ಆಪಲ್ ಸುದ್ದಿಯನ್ನು ಅಲ್ಲಗಳೆಯುವಷ್ಟರಲ್ಲಿ ಅದರ ಷೇರು 95 ಡಾಲರ್‌ಗಿಂತ ಕೆಳಗಿಳಿದಿತ್ತು. ಲೇಮನ್ ಬ್ರದರ್ಸ್ ಬ್ಯಾಂಕು ಮುಳುಗಿ ಮೂರು ವಾರವೂ ಆಗಿರದ, ಷೇರುಪೇಟೆ ಗಾಳಿಗೂ ಬೆಚ್ಚುತ್ತಿದ್ದ ಕಾಲ ಅದು. ಜಾಬ್ಸ್‌ಗೆ 2004ರಲ್ಲಿ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾಗಿದ್ದು, 2008ರಲ್ಲಿ ಅವರು ಸೊರಗಿ ಕಂಡದ್ದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಸುಳ್ಳಿಗೆ ನಿಜದ ಕಳೆ ತಾನಾಗಿ ಬಂತು. ಬೆಲೆ ಬೇಗ ಚೇತರಿಸಿಕೊಂಡಿತು. ಹೆದರಿ ಮಾರಿದವರಿಗೆ ಅದರಿಂದೇನೂ ಸಿಗಲಿಲ್ಲ. ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆ ತನಿಖೆಗಿಳಿಯಿತು.

ವೃತ್ತಿಪರರು ಎಡವುವುದಿಲ್ಲವೆಂದಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ, ಮುಂಚಿತವಾಗಿ ಬರೆದಿಟ್ಟಿದ್ದ ಜಾಬ್ಸ್ ನಿಧನವಾರ್ತೆಯನ್ನು ಕೈತಪ್ಪಿ ಹೊರಬಿಟ್ಟಿತ್ತು! ಆದರೆ ಅಲ್ಲಿ ಕೆಟ್ಟದ್ದು ಇದ್ದ ವ್ಯವಸ್ಥೆ. ಐರಿಪೋರ್ಟ್‌ನಲ್ಲಿ ವ್ಯವಸ್ಥೆಯನ್ನೇ ಬೇಕೆಂದು ತೆಗೆದಿದ್ದರು. 2006ರಲ್ಲಿ ಶುರುವಾದಾಗ ವೀಕ್ಷಕರು ಕಳಿಸಿದ್ದನ್ನು ಸಿಬ್ಬಂದಿ ನೋಡಿ ಆರಿಸುತ್ತಿದ್ದರು. 2007ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಗುಂಡಿನ ದಾಳಿ ನಡೆದಾಗ ವಿದ್ಯಾರ್ಥಿಯೊಬ್ಬರು ಮೊಬೈಲ್‌ನಲ್ಲಿ ಚಿತ್ರೀಕರಿಸಿದ ದೃಶ್ಯ ಹೀಗೇ ಜಗತ್ತಿಗೆ ತಲುಪಿತು. ಮರುವರ್ಷ ಬೇರೆಯೇ ಜಾಲತಾಣ ಮಾಡಿ, ಯಾರು ಏನನ್ನು ಹಾಕಿದರೂ ತಿದ್ದದೆ, ಸೋಸದೆ ಪ್ರಕಟವಾಗುವಂತೆ ಮಾಡಿದರು. ಸಿಎನ್‌ಎನ್ ಪರಿಶೀಲಿಸಿದ ವರದಿಗಳಿಗೆ ಪ್ರತ್ಯೇಕ ಗುರುತೇನೋ ಇತ್ತು. ಅವಸರದ ಓದುಗ ಅಂಥ ಗುರುತು ಹುಡುಕುತ್ತಾನೆಯೇ? ಅವನ ಕಣ್ಣಿಗೆ ಬಿದ್ದದ್ದು ಸಿಎನ್‌ಎನ್ ಎಂಬ ಮೂರಕ್ಷರ. ಸಂಸ್ಥೆ ತನ್ನ ಹೆಸರನ್ನು ಕಡ ಕೊಟ್ಟಿತ್ತು, ಹೊಣೆಯನ್ನು ಮಾತ್ರ ಹೊರಲಿಲ್ಲ.

ದಕ್ಷಿಣ ಕೊರಿಯಾದ ಸುದ್ದಿತಾಣ ‘ಓಮೈನ್ಯೂಸ್’ ಹಿಡಿದದ್ದು ಬೇರೆ ದಾರಿ. ಪ್ರತಿ ನಾಗರಿಕನೂ ವರದಿಗಾರ ಎಂಬ ಘೋಷಣೆಯೊಂದಿಗೆ ಓ ಯೆನ್-ಹೊ 2000ದ ಫೆಬ್ರುವರಿಯಲ್ಲಿ 727 ನಾಗರಿಕ ವರದಿಗಾರರನ್ನು ಕಟ್ಟಿಕೊಂಡು ಅದನ್ನು ಆರಂಭಿಸಿದರು. ಬರೆಯುವವರು ನಿಜವಾದ ಹೆಸರು ಕೊಡಬೇಕಿತ್ತು. ಬಂದ ಬರಹವನ್ನು ಸಂಬಳದ ಸಂಪಾದಕರು ಪರಿಶೀಲಿಸುತ್ತಿದ್ದರು, ಪ್ರಕಟವಾದರೆ ಸಣ್ಣ ಸಂಭಾವನೆಯೂ ಇತ್ತು. 2003ರಲ್ಲಿ ಅಧ್ಯಕ್ಷರಾದ ರೋ ಮೂ-ಹ್ಯುನ್ ದೊಡ್ಡ ಪತ್ರಿಕೆಗಳನ್ನು ಬಿಟ್ಟು ಮೊದಲ ಸಂದರ್ಶನವನ್ನು ಇದಕ್ಕೇ ಕೊಟ್ಟರು.

ಮುಂದೆ ಅದರ ಇಂಗ್ಲಿಷ್ ಆವೃತ್ತಿಗೆ ದೇಶದೇಶಗಳಿಂದ ವರದಿಗಳು ಬರತೊಡಗಿದವು. ಊರು ಗೊತ್ತಿಲ್ಲ, ಭಾಷೆ ಬರುವುದಿಲ್ಲ, ಫೋನ್ ಮಾಡಿ ಕೇಳಲು ಪರಿಚಿತರಿಲ್ಲ. ಸೋಲ್‌ನಲ್ಲಿ ಕುಳಿತ ಬೆರಳೆಣಿಕೆಯ ಸಂಪಾದಕರು ಎಷ್ಟನ್ನೆಂದು ಪರಿಶೀಲಿಸಿಯಾರು? 2010ರಲ್ಲಿ ಆ ಆವೃತ್ತಿ ನಾಗರಿಕರ ವರದಿಗಳನ್ನು ಪ್ರಕಟಿಸುವುದನ್ನು ನಿಲ್ಲಿಸಿ, ನಾಗರಿಕ ಪತ್ರಿಕೋದ್ಯಮದ ಬಗ್ಗೆ ಚರ್ಚಿಸುವ ತಾಣವಾಗಿ ಬದಲಾಯಿತು.