ರೋಲಿಂಗಾ, ಸ್ಟೇಬಲ್ಲಾ? ಲಿನಕ್ಸ್ ಹಾಕೋ ಮುಂಚೆ ಒಂದಿಷ್ಟು ಮಾತು

ಪ್ರತಿ ಸೆಮಿಸ್ಟರ್ ಶುರುವಾದಾಗ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತೆ: "ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕ್ಬೇಕು, ಯಾವುದು ಒಳ್ಳೇದು?" ಒಬ್ಬರು ಡೆಬಿಯನ್ ಅಂತಾರೆ, ಇನ್ನೊಬ್ಬರು ಆರ್ಚ್ ಅಂತಾರೆ. ವಾದ ಬೆಳೆಯುತ್ತೆ, ಕೇಳಿದವರು ಸುಮ್ಮನಾಗಿಬಿಡ್ತಾರೆ. ಹೆಸರುಗಳನ್ನು ಬದಿಗಿಟ್ಟರೆ ಮೊದಲು ತೀರ್ಮಾನಿಸಬೇಕಾದದ್ದು ಒಂದೇ: ನಮ್ಮ ಲ್ಯಾಪ್‌ಟಾಪಿನಲ್ಲಿ ಬದಲಾವಣೆ ಯಾವಾಗ ಆಗಬೇಕು?

ಸ್ಟೇಬಲ್ ಅನ್ನೋದು ಪಠ್ಯಪುಸ್ತಕದ ಹಾಗೆ. ಕೆಲವು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತೆ. ಮಧ್ಯದಲ್ಲಿ ಬರೋದು ತಪ್ಪು-ಒಪ್ಪುಗಳ ಪಟ್ಟಿ ಮಾತ್ರ. ಡೆಬಿಯನ್ ಸುಮಾರು ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬಿಡುತ್ತೆ: 12 ಬಂದದ್ದು 2023ರ ಜೂನ್‌ನಲ್ಲಿ, 13 ಬಂದದ್ದು 2025ರ ಆಗಸ್ಟ್‌ನಲ್ಲಿ. ಉಬುಂಟುವಿನ ಎಲ್‌ಟಿಎಸ್ ಕೂಡ ಎರಡು ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ ಬರುತ್ತೆ. ಐದು ವರ್ಷ ಭದ್ರತಾ ತಿದ್ದುಪಡಿ ಸಿಗುತ್ತೆ. ರೋಲಿಂಗ್ ದಿನಪತ್ರಿಕೆಯ ಹಾಗೆ. ಆರ್ಚ್, ಓಪನ್‌ಸೂಸೆ ಟಂಬಲ್‌ವೀಡ್‌ಗಳಿಗೆ ಆವೃತ್ತಿ ಸಂಖ್ಯೆ ಅಂತಲೇ ಇಲ್ಲ. ಹೊಸ ಕರ್ನಲ್, ಹೊಸ ಪೈಥಾನ್, ಹೊಸ ಡೆಸ್ಕ್‌ಟಾಪ್ ತಯಾರಾದ ಹಾಗೆ ಬರ್ತಾನೇ ಇರುತ್ತೆ.

ಇಲ್ಲೊಂದು ತಪ್ಪು ತಿಳುವಳಿಕೆ ಇದೆ. ಸ್ಟೇಬಲ್ ಅಂದ್ರೆ ಕೆಡೋದೇ ಇಲ್ಲ ಅಂತಲ್ಲ. ಮುಖ್ಯವಾಗಿ, ಬದಲಾಗಲ್ಲ ಅಂತ. ಹಳೆಯ ದೋಷವೂ ಹಲವು ಸಲ ಹಾಗೇ ಉಳಿದಿರುತ್ತೆ, ಆದರೆ ಅದು ನಮಗೆ ಗೊತ್ತಿರೋ ದೋಷ. ಹಾಗೇ ರೋಲಿಂಗ್ ಅಂದ್ರೆ ದಿನಾ ಕೆಡುತ್ತೆ ಅಂತಲೂ ಅಲ್ಲ. ಟಂಬಲ್‌ವೀಡ್‌ನ ಪ್ರತಿಯೊಂದು ಕಂತೂ ಓಪನ್‌ಕ್ಯೂಎ ಅನ್ನೋ ಸ್ವಯಂಚಾಲಿತ ಪರೀಕ್ಷೆ ದಾಟಿಯೇ ಹೊರಗೆ ಬರುತ್ತೆ.

ಎರಡೂ ಕಡೆಯ ಏಟು ನಾವು ತಿಂದಿದ್ದೇವೆ. ನಮ್ಮಲ್ಲೊಬ್ಬರು ಥೀಸಿಸ್ ಸಲ್ಲಿಸೋಕೆ ಎರಡು ದಿನ ಇರುವಾಗ ರೋಲಿಂಗ್ ಲ್ಯಾಪ್‌ಟಾಪ್ ಅಪ್‌ಡೇಟ್ ಮಾಡಿದ್ರು. ಪೈಥಾನ್ ಆವೃತ್ತಿ ಬದಲಾಯ್ತು, ಲೆಕ್ಕ ಮಾಡ್ತಿದ್ದ ವರ್ಚುವಲ್ ಎನ್ವಿರಾನ್‌ಮೆಂಟ್ ಮುರಿದುಬಿತ್ತು. ಮತ್ತೆ ಕಟ್ಟಿ, ಗ್ರಾಫ್‌ಗಳನ್ನೆಲ್ಲ ತೆಗೆಯೋಷ್ಟರಲ್ಲಿ ಬೆಳಗಾಗಿತ್ತು. ಇನ್ನೊಬ್ಬರು ಆಗ ತಾನೇ ಮಾರುಕಟ್ಟೆಗೆ ಬಂದ ಲ್ಯಾಪ್‌ಟಾಪ್ ಕೊಂಡು ಸ್ಟೇಬಲ್ ಹಾಕಿದ್ರು. ಅದರ ಹಳೇ ಕರ್ನಲ್‌ಗೆ ಹೊಸ ವೈಫೈ ಚಿಪ್‌ನ ಗುರುತೇ ಸಿಗಲಿಲ್ಲ. ವಾರಪೂರ್ತಿ ಫೋನಿಗೆ ಕೇಬಲ್ ಕಟ್ಟಿಕೊಂಡೇ ಓಡಾಡಿದ್ರು.

ಭದ್ರತೆಯ ಮಾತು ಬಂದರೆ 2024ರ ಮಾರ್ಚ್ ನೆನಪಾಗುತ್ತೆ. ಎಕ್ಸ್‌ಝಡ್ ಅನ್ನೋ ಕಂಪ್ರೆಶನ್ ತಂತ್ರಾಂಶದ 5.6.0 ಮತ್ತು 5.6.1ರಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ರು. ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗ್ತಿದೆಯಲ್ಲಾ ಅಂತ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಹಿಂದೆ ಬಿದ್ದು ಹುಡುಕಿದ್ದರಿಂದ ಅದು ಬಯಲಾಯ್ತು. ಅಷ್ಟರಲ್ಲಿ ಅದು ಟಂಬಲ್‌ವೀಡ್‌ಗೂ ಡೆಬಿಯನ್‌ನ ಟೆಸ್ಟಿಂಗ್ ಶಾಖೆಗೂ ತಲುಪಿತ್ತು; ಡೆಬಿಯನ್ ಸ್ಟೇಬಲ್‌ಗೆ ಇನ್ನೂ ಬಂದಿರಲಿಲ್ಲ. ನಿಧಾನವಾಗಿ ಹೋಗೋದರ ಲಾಭ ಆ ಸಲ ಕಣ್ಣಿಗೆ ಕಾಣ್ತು.

ಹಾಗಾದ್ರೆ ಯಾವುದು ಆರಿಸ್ಕೊಳ್ಳೋದು? ಇರೋದೊಂದೇ ಲ್ಯಾಪ್‌ಟಾಪ್, ಅದರಲ್ಲೇ ಥೀಸಿಸ್, ಅದರಲ್ಲೇ ಪಾರ್ಟ್‌ಟೈಮ್ ಕೆಲಸ ಅನ್ನೋರು ಸ್ಟೇಬಲ್ ಹಾಕಿ. ಹೊಸ ಆಪ್ ಬೇಕಾದ್ರೆ ಫ್ಲಾಟ್‌ಪ್ಯಾಕ್‌ನಿಂದ ತಗೊಳ್ಳಬಹುದು; ಹೊಸ ಕರ್ನಲ್ ಬೇಕಾದ್ರೆ ಡೆಬಿಯನ್‌ನಲ್ಲಿ ಬ್ಯಾಕ್‌ಪೋರ್ಟ್ಸ್ ಇದೆ. ಯಂತ್ರ ತೀರಾ ಹೊಸದು, ಅಥವಾ ಹೊಸ ತಂತ್ರಾಂಶವೇ ನಿಮ್ಮ ಓದಿನ ವಿಷಯ ಅಂದ್ರೆ ರೋಲಿಂಗ್ ಸರಿ. ಎರಡರ ನಡುವಿನ ದಾರಿ ಫೆಡೋರಾ: ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ, ಒಂದೊಂದಕ್ಕೂ ಸುಮಾರು 13 ತಿಂಗಳ ಬೆಂಬಲ. ಕನ್ನಡ ಟೈಪ್ ಮಾಡೋ ಚಿಂತೆ ಬೇಡ, ಐಬಸ್ ಎಲ್ಲದರಲ್ಲೂ ಸಿಗುತ್ತೆ.

ರೋಲಿಂಗ್ ಆರಿಸಿಕೊಂಡವರಿಗೆ ನಾಲ್ಕು ಮಾತು. ಅಪ್‌ಡೇಟ್‌ಗೆ ಮುಂಚೆ ಸ್ನ್ಯಾಪ್‌ಶಾಟ್ ಇರಲಿ. ಟಂಬಲ್‌ವೀಡ್ ಬಿಟಿಆರ್‌ಎಫ್‌ಎಸ್ ಮೇಲಿದ್ದರೆ ಸ್ನ್ಯಾಪರ್ ತಾನೇ ತೆಗೆದಿಡುತ್ತೆ, ಕೆಟ್ಟರೆ ಹಿಂದಿನದಕ್ಕೆ ಮರಳಬಹುದು. ಆರ್ಚ್‌ನಲ್ಲಾದ್ರೆ ಮುಖಪುಟದ ಸೂಚನೆ ಓದಿಯೇ ಮುಂದುವರಿಯಿರಿ. ಅರ್ಧಂಬರ್ಧ ಅಪ್‌ಡೇಟ್ ಬೇಡವೇ ಬೇಡ. ರಜೆಗೆ ಊರಿಗೆ ಹೋಗಿ ಎರಡು ತಿಂಗಳು ಮುಟ್ಟದೇ ಇದ್ದರೆ, ವಾಪಸ್ ಬಂದಾಗ ನೂರಾರು ಪ್ಯಾಕೇಜ್ ಒಟ್ಟಿಗೆ ಕಾದಿರುತ್ತೆ. ಅದಕ್ಕೊಂದು ಭಾನುವಾರ ಮೀಸಲಿಡಿ. ಪರೀಕ್ಷೆ ಅಥವಾ ಸಲ್ಲಿಕೆಯ ವಾರದಲ್ಲಿ ಮಾತ್ರ, ತುರ್ತು ಭದ್ರತಾ ಸೂಚನೆ ಇಲ್ಲದಿದ್ದರೆ, ಅಪ್‌ಡೇಟ್ ಬಟನ್ ಕಡೆ ತಿರುಗಿಯೂ ನೋಡ್ಬೇಡಿ.

ಯಾವುದೇ ಹಾಕಿ, ಥೀಸಿಸ್‌ನ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ಆ ರಾತ್ರಿ ನಮ್ಮ ಗೆಳೆಯರನ್ನು ಉಳಿಸಿದ್ದೂ ಅದೇ: ಬರೆದದ್ದೆಲ್ಲ ಗಿಟ್‌ನಲ್ಲಿ ಭದ್ರವಾಗಿತ್ತು. ಹಾಕೋಕೆ ಭಯ ಆದ್ರೆ ನಮ್ಮನ್ನು ಕರೀರಿ. ಪೆನ್‌ಡ್ರೈವ್ ನಾವು ತರ್ತೀವಿ, ಫಿಲ್ಟರ್ ಕಾಫಿ ನಿಮ್ಮದು.