ಕಸುಬಿನ ಚೌಕದಲ್ಲಿ ಒಂದು ಪದ

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ಮದುವೆ ಪ್ರಮಾಣಪತ್ರದಲ್ಲಿ ಮೊದಲು ಕಾಣುವುದು ಗಂಡು ಹೆಣ್ಣಿನ ಹೆಸರು. ರುಜು ಬಾರದವರು ಹಾಕಿದ ಕತ್ತರಿ ಗುರುತು ಕೆಳಗಿರುತ್ತದೆ. ಆದರೆ ಮನೆತನದ ಬೇರು ಹುಡುಕಿ ಹೊರಟವರ ಕಣ್ಣು ನಿಲ್ಲುವುದು ಇನ್ನೊಂದು ಚೌಕದಲ್ಲಿ: ಅಪ್ಪನ ಕಸುಬು. ಅಲ್ಲಿ ‘ಕರ್ರಿಯರ್’ ಎಂದೋ ‘ಫೆಲ್‌ಮಂಗರ್’ ಎಂದೋ ಬರೆದಿದ್ದರೆ ಇವತ್ತಿನ ಇಂಗ್ಲಿಷರಿಗೂ ಸುಲಭಕ್ಕೆ ಅರ್ಥವಾಗದು. ಆ ಪದ ತಿಳಿದರೆ ಮಾತ್ರ ಮುತ್ತಜ್ಜನ ದಿನಚರಿ, ಅವನ ಬೀದಿ, ಅವನ ಕೈಗೆ ಅಂಟಿದ್ದ ವಾಸನೆ ಎಲ್ಲವೂ ಬಿಚ್ಚಿಕೊಳ್ಳುತ್ತವೆ.

ತೊಗಲಿನ ಕೆಲಸ ಅಲ್ಲಿ ಒಬ್ಬನಿಂದ ಮುಗಿಯುತ್ತಿರಲಿಲ್ಲ. ಕುರಿಯ ಚರ್ಮ ಕೊಂಡು ಉಣ್ಣೆ ಬೇರ್ಪಡಿಸುವವನು ಫೆಲ್‌ಮಂಗರ್. ದನದ ಹಸಿ ತೊಗಲನ್ನು ಹದ ಮಾಡುವವನು ಟ್ಯಾನರ್. ಅವನು ತೊಗಲನ್ನು ಸುಣ್ಣದ ಗುಂಡಿಯಲ್ಲಿ ನೆನೆಹಾಕಿ, ಬಾಗಿದ ಮರದ ದಿಮ್ಮಿಯ ಮೇಲೆ ಹರವಿ, ಎರಡು ಹಿಡಿಯ ಕತ್ತಿಯಿಂದ ಒಂದು ಮಗ್ಗುಲಿನ ಕೂದಲನ್ನೂ ಇನ್ನೊಂದು ಮಗ್ಗುಲಿನ ಮಾಂಸವನ್ನೂ ಹೆರೆಯುತ್ತಿದ್ದ. ಆಮೇಲೆ ಓಕ್ ಮರದ ತೊಗಟೆಯ ಪುಡಿ ಬೆರೆಸಿದ ನೀರಿನ ಗುಂಡಿಗಳು. ಕಡಿಮೆ ಕಸುವಿನ ಗುಂಡಿಯಿಂದ ಹೆಚ್ಚು ಕಸುವಿನ ಗುಂಡಿಗೆ ಸಾಗಿಸುತ್ತ ಹೋದರೆ, ಬೂಟಿನ ಅಟ್ಟೆಗೆ ಬೇಕಾದ ದಪ್ಪ ಚರ್ಮ ಹದಕ್ಕೆ ಬರಲು ವರ್ಷ ಹಿಡಿಯುತ್ತಿತ್ತು, ಕೆಲವೊಮ್ಮೆ ಇನ್ನೂ ಹೆಚ್ಚು. ಹೀಗೆ ಹದವಾದ ಚರ್ಮ ಒಣಗಿದರೆ ಹಲಗೆಯಂತೆ ಸೆಟೆದು ನಿಲ್ಲುತ್ತದೆ. ಅದನ್ನು ತೆಳುವಾಗಿ ಹೆರೆದು, ಮೀನೆಣ್ಣೆ ಮತ್ತು ಕೊಬ್ಬು ಉಣ್ಣಿಸಿ, ಉಜ್ಜಿ ಮೆತುಗೊಳಿಸುವವನೇ ಕರ್ರಿಯರ್. ಎಲ್ಲರಿಗಿಂತ ನುರಿತ ಕೈ ಅವನದು. ಕತ್ತಿ ಕೂದಲೆಳೆಯಷ್ಟು ತಪ್ಪಿದರೂ ತಿಂಗಳುಗಳ ದುಡಿಮೆ ತೂತಾಗುತ್ತಿತ್ತು.

ಅಲ್ಲಿಂದ ಮುಂದೆ ಜೀನು ಹೊಲಿಯುವವರು, ಲಗಾಮು ಮಾಡುವವರು, ಕೈಗವಸಿನವರು. ಹೊಸ ಬೂಟು ಮಾಡುವವನು ಕಾರ್ಡ್‌ವೇನರ್. ಒಳ್ಳೆಯ ಚರ್ಮಕ್ಕೆ ಹೆಸರಾಗಿದ್ದ ಸ್ಪೇನಿನ ಕಾರ್ಡೋಬಾ ನಗರದಿಂದ ಬಂದ ಪದ ಅದು. ಬೂಟಿನ ಮೇಲ್ಭಾಗ ಕತ್ತರಿಸುವವನು ಕ್ಲಿಕರ್, ತುಂಡುಗಳನ್ನು ಸೇರಿಸಿ ಹೊಲಿಯುವವರು ಕ್ಲೋಸರ್. ತೊಗಟೆಗೆ ಇಂಗ್ಲಿಷಿನಲ್ಲಿ ‘ಬಾರ್ಕ್’; ಬಾರ್ಕರ್ ಎಂಬ ಅಡ್ಡಹೆಸರಿನ ಹಲವು ಮನೆತನಗಳ ಹಿಂದೆ ಇದೇ ತೊಗಟೆಯ ಗುಂಡಿ ಇದೆ.

ಈ ಕಸುಬುಗಳೆಲ್ಲ ಒತ್ತೊತ್ತಾಗಿ ನೆಲೆಸಿದ್ದ ಜಾಗ ಲಂಡನ್ನಿನ ಥೇಮ್ಸ್ ನದಿಯ ದಕ್ಷಿಣ ದಂಡೆಯ ಬರ್ಮಂಡ್ಸೆ. ನದಿಯ ಆಚೆಗಿನ ಕಸಾಯಿಖಾನೆಗಳಿಂದ ತೊಗಲು, ಕೆಂಟ್ ಮತ್ತು ಸರ್ರಿ ಕಡೆಯ ಕಾಡುಗಳಿಂದ ಓಕ್ ತೊಗಟೆ, ನೆಕಿಂಜರ್ ಎಂಬ ಹೊಳೆಯ ಉಬ್ಬರದ ನೀರು. ಇನ್ನೇನು ಬೇಕು? ವಾಸನೆಯ ಕಸುಬು ಊರ ಗೋಡೆಯ ಹೊರಗಿರಲಿ ಎಂದು ನಗರದ ದೊಡ್ಡವರು ಬಯಸಿದ್ದೂ ಇದಕ್ಕೆ ಕೂಡಿಬಂತು. 1833ರಲ್ಲಿ ವೆಸ್ಟನ್ ಬೀದಿಯಲ್ಲಿ ಚರ್ಮದ ಮಾರುಕಟ್ಟೆ ತೆರೆಯಿತು. 1870ರ ದಶಕದ ಕೊನೆಯಲ್ಲಿ ಅದರ ಪಕ್ಕಕ್ಕೇ ಚರ್ಮ ಮತ್ತು ಉಣ್ಣೆಯ ವಿನಿಮಯ ಕೇಂದ್ರ ಎದ್ದಿತು. ಅದರ ಗೋಡೆಯ ಮೇಲಿನ ದುಂಡು ಕೆತ್ತನೆಗಳಲ್ಲಿ ತೊಗಲು ಹೆರೆಯುವವರು, ಗುಂಡಿಯಲ್ಲಿ ದುಡಿಯುವವರು ಇವತ್ತಿಗೂ ಇದ್ದಾರೆ. ಅರಸರು, ದಂಡನಾಯಕರ ಪ್ರತಿಮೆಗಳೇ ತುಂಬಿದ ನಗರದಲ್ಲಿ ಕೂಲಿಯ ಕೈಗಳನ್ನು ಕಲ್ಲಿನಲ್ಲಿ ಕಂಡರಿಸಿದ ಈ ಗೋಡೆ ನನಗೆ ದೊಡ್ಡ ಸ್ಮಾರಕವಾಗಿ ಕಾಣುತ್ತದೆ.

ಗೋಡೆಯ ಮೇಲೆ ಜಾಗ ಸಿಗದವರೂ ಇದ್ದರು. ಮೇಕೆ, ಕರುಗಳ ನಯವಾದ ಚರ್ಮದಿಂದ ಸುಣ್ಣದ ಅಂಶ ತೆಗೆದು ಮೃದುಗೊಳಿಸಲು ನಾಯಿಯ ಹೇಲು ಬಳಸುತ್ತಿದ್ದರು. ಚರ್ಮವನ್ನು ಶುದ್ಧ ಮಾಡುವ ವಸ್ತುವೆಂದು ಅದಕ್ಕೆ ‘ಪ್ಯೂರ್’ ಎಂಬ ಹೆಸರು. ಲಂಡನ್ನಿನ ಬಡಜನರ ಬದುಕನ್ನು ಬೀದಿ ಬೀದಿ ಸುತ್ತಿ ದಾಖಲಿಸಿದ ಹೆನ್ರಿ ಮೇಹ್ಯೂ, 19ನೇ ಶತಮಾನದ ನಡುವೆ ಅದನ್ನು ಬಕೆಟ್ಟಿನಲ್ಲಿ ಹೆಕ್ಕಿ ತರುತ್ತಿದ್ದ ಮುದುಕಿಯರನ್ನೂ ಮುದುಕರನ್ನೂ ಮಾತಾಡಿಸಿದ. ಬಕೆಟ್ಟಿಗೆ 8ರಿಂದ 10 ಪೆನ್ಸ್, ಒಳ್ಳೆಯ ಮಾಲಿಗೆ ಒಂದು ಶಿಲ್ಲಿಂಗಿಗಿಂತ ತುಸು ಹೆಚ್ಚೂ ಸಿಗುತ್ತಿತ್ತೆಂದು ಬರೆದ. ಪೂರ್ವಜರ ಸಾಲಿನಲ್ಲಿ ಇಂಥವರೊಬ್ಬರು ಸಿಕ್ಕರೆ ನಾಚಬೇಕಾದ್ದೇನೂ ಇಲ್ಲ. ಶ್ರೀಮಂತರ ಕೈಗವಸು ಮೆತ್ತಗಿದ್ದದ್ದು ಅವರಿಂದ.

ನಮ್ಮ ಉತ್ತರ ಕರ್ನಾಟಕದಲ್ಲಿ ಎತ್ತಿನ ಮೇಲೆ ಬಂದು ಮನೆತನದ ತಲೆಮಾರುಗಳನ್ನು ಒಪ್ಪಿಸುವ ಹೆಳವರಿದ್ದಾರೆ. ಇಂಗ್ಲೆಂಡಿನ ಕೂಲಿಕಾರನಿಗೆ ಹೆಳವರಿರಲಿಲ್ಲ. ಆ ಕೆಲಸವನ್ನು ಸರ್ಕಾರದ ಕಾಗದ ಮಾಡಿತು. 1837ರ ಜುಲೈ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹುಟ್ಟು, ಮದುವೆ, ಸಾವುಗಳ ಸರ್ಕಾರಿ ನೋಂದಣಿ ಶುರುವಾಯಿತು. 1841ರಿಂದ ಹತ್ತು ವರ್ಷಕ್ಕೊಮ್ಮೆ ಮನೆಮನೆಯ ಹೆಸರು ಬರೆದ ಜನಗಣತಿ ಹಾಳೆಗಳು ಸಿಗುತ್ತವೆ. ಆದರೆ 1841ರದ್ದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆ ಇದ್ದುದರಿಂದ, 34ರ ಟ್ಯಾನರ್ ಅಲ್ಲಿ 30ರವನು. 1851ರಿಂದ ಸರಿಯಾದ ವಯಸ್ಸು, ಯಜಮಾನನಿಗೆ ಏನಾಗಬೇಕು, ಹುಟ್ಟಿದ್ದು ಯಾವ ಊರಲ್ಲಿ ಎಂಬುದೆಲ್ಲ ದಾಖಲಾಗಿದೆ. ಮಕ್ಕಳ ಹುಟ್ಟೂರುಗಳನ್ನು ಹಿರಿಯನಿಂದ ಕಿರಿಯನತನಕ ಓದಿಕೊಂಡು ಬನ್ನಿ. ಒಬ್ಬ ಜೀನುಗಳ ಊರಾದ ವಾಲ್ಸಾಲಿನಲ್ಲಿ, ಮುಂದಿನವಳು ಬೂಟಿನ ಊರಾದ ನಾರ್ಥಾಂಪ್ಟನ್ನಿನಲ್ಲಿ, ಕೊನೆಯ ಕೂಸು ಬರ್ಮಂಡ್ಸೆಯಲ್ಲಿ ಹುಟ್ಟಿದ್ದರೆ, ಅಪ್ಪ ಕೆಲಸ ಅರಸಿ ನಡೆದ ದಾರಿ ಮಕ್ಕಳ ಸಾಲಿನಲ್ಲೇ ಇದೆ.

‘ಟ್ಯಾನರ್’ ಎಂದು ಬರೆದವನು ಧಣಿಯೂ ಆಗಿರಬಹುದು, ಆಳೂ ಆಗಿರಬಹುದು. 1851ರ ಗಣತಿಯಿಂದ ಕೆಲವು ದಶಕ ಧಣಿಗಳು ತಮ್ಮಲ್ಲಿ ಎಷ್ಟು ಆಳುಗಳಿದ್ದಾರೆಂದು ಹೇಳಬೇಕಿತ್ತು. ಧಣಿಯ ಜಾಡು ಹಿಡಿಯುವುದು ಕಷ್ಟವಲ್ಲ: ಉಯಿಲುಗಳ ಪಟ್ಟಿ 1858ರಿಂದ ದೇಶಕ್ಕೆಲ್ಲ ಒಂದೇ, ದಿವಾಳಿಯಾಗಿದ್ದರೆ ಲಂಡನ್ ಗೆಜೆಟ್ಟಿನಲ್ಲಿ ಪ್ರಕಟಣೆ. ಚರ್ಮ ಹದ ಮಾಡುತ್ತಿದ್ದ ನೆಕಿಂಜರ್ ಗಿರಣಿಯ ಬೆವಿಂಗ್ಟನ್ ಮನೆತನದ ಸ್ಯಾಮ್ಯುಯೆಲ್ ಬೋರ್ನ್ ಬೆವಿಂಗ್ಟನ್ 1900ರಲ್ಲಿ ಬರ್ಮಂಡ್ಸೆಯ ಮೊದಲ ಮೇಯರ್ ಆದವರು, ಟೂಲಿ ಬೀದಿಯಲ್ಲಿ ಅವರ ಪ್ರತಿಮೆಯೇ ಇದೆ. ಆಳಿನ ಜಾಡು ಬೇರೆ ಕಡೆ ಸಿಗುತ್ತದೆ. ಕೆಲಸ ತಪ್ಪಿದಾಗ ಸೇರಿದ ಬಡವರ ಮನೆಯ ದಾಖಲೆ ಪುಸ್ತಕದಲ್ಲಿ, ಇಗರ್ಜಿಯ ನಾಮಕರಣ ಪುಸ್ತಕದಲ್ಲಿ ಹುಡುಕಬೇಕು. ಸತ್ತಾಗಿನ ಪ್ರಮಾಣಪತ್ರದಲ್ಲಿ ಆಂಥ್ರಾಕ್ಸ್ ಎಂದಿದ್ದರೆ ಎದೆ ಭಾರವಾಗುತ್ತದೆ; ಹೊರದೇಶದ ಒಣ ತೊಗಲು ಹೊತ್ತವರಿಗೆ ತಗಲುತ್ತಿದ್ದ ರೋಗ ಅದು, ನಮ್ಮ ದನಗಳಿಗೆ ಬರುವ ನೆರಡಿ ರೋಗವೇ. ಹತ್ತಿರದ ಗೈಸ್ ಆಸ್ಪತ್ರೆಗೆ ಅಂಥ ರೋಗಿಗಳು ಹೊಸಬರಾಗಿರಲಿಲ್ಲ.

ಮುತ್ತಜ್ಜನ ಬೀದಿ ಹೇಗಿತ್ತೆಂದು ತಿಳಿಯಲು ಲಂಡನ್ನಿನ ಬಡತನದ ಸಮೀಕ್ಷೆಗಾಗಿ ಚಾರ್ಲ್ಸ್ ಬೂತ್ ಮಾಡಿಸಿದ ನಕ್ಷೆಗಳಿವೆ. ಕಡುಬಡತನದ ಬೀದಿಗೆ ಕಪ್ಪು, ಸಿರಿವಂತರ ಬೀದಿಗೆ ಹಳದಿ, ನಡುವೆ ನೀಲಿ, ನೇರಳೆ, ಗುಲಾಬಿ, ಕೆಂಪು. 1886ರಲ್ಲಿ ಶುರುವಾದ ಆ ಸಮೀಕ್ಷೆಯ ಟಿಪ್ಪಣಿ ಪುಸ್ತಕಗಳನ್ನು ಈಗ ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ಓದಬಹುದು. ಬೂತ್ ಕೂಡ ತೊಗಲಿನ ವ್ಯಾಪಾರಿಯೇ. 1863ರಲ್ಲಿ ಅಣ್ಣನ ಜೊತೆ ಲಿವರ್‌ಪೂಲಿನಲ್ಲಿ ಚರ್ಮದ ವ್ಯವಹಾರ ಶುರುಮಾಡಿ, ತನ್ನ ವ್ಯಾಪಾರದ ಗಳಿಕೆಯಿಂದಲೇ ಈ ಸಮೀಕ್ಷೆ ನಡೆಸಿದವನು.

ಹೆಂಗಸರ ವಿಷಯದಲ್ಲಿ ಈ ಕಾಗದಗಳು ಅನ್ಯಾಯ ಮಾಡಿವೆ. ಮನೆಯಲ್ಲಿ ಕೂತು ಕೈಗವಸು ಹೊಲಿದವರು, ಬೂಟಿನ ಮೇಲ್ಭಾಗ ಸೇರಿಸಿದವರು, ಬರ್ಮಂಡ್ಸೆಯ ಇಕ್ಕಟ್ಟು ಕೋಣೆಗಳಲ್ಲಿ ಮೊಲದ ತುಪ್ಪಟ ಕೀಳುತ್ತ ಉಸಿರಿಗೆ ಒದ್ದಾಡಿದವರು ಸಾವಿರಾರು. ಗಣತಿಯ ಹಾಳೆಯಲ್ಲಿ ಅವರ ಕಸುಬಿನ ಚೌಕ ಎಷ್ಟೋ ಸಲ ಖಾಲಿ. ಮದುವೆಯ ದಾಖಲೆಯಲ್ಲಿ ಅಪ್ಪಂದಿರ ಜೊತೆಗೆ ಅಮ್ಮಂದಿರ ಹೆಸರಿಗೂ ಜಾಗ ಸಿಕ್ಕಿದ್ದು 2021ರಲ್ಲಿ.

ಓಕ್ ತೊಗಟೆಯ ಕಾಲವನ್ನು ಮುಗಿಸಿದ್ದು ರಸಾಯನಶಾಸ್ತ್ರ. 1884ರಲ್ಲಿ ಅಮೆರಿಕದಲ್ಲಿ ಆಗಸ್ಟಸ್ ಶುಲ್ಟ್ಸ್ ಪೇಟೆಂಟ್ ಪಡೆದ ಕ್ರೋಮ್ ವಿಧಾನ, ತಿಂಗಳುಗಟ್ಟಲೆಯ ಹದವನ್ನು ದಿನಗಳಿಗೆ ಇಳಿಸುವ ದಾರಿ ತೆರೆಯಿತು. ಕುದುರೆಯ ಜಾಗಕ್ಕೆ ಮೋಟಾರು ಬಂದು ಜೀನಿನವರೂ ಚದುರಿದರು. ಮಕ್ಕಳು ಗುಮಾಸ್ತರಾದರು, ಆಸ್ಟ್ರೇಲಿಯಾ, ಕೆನಡಾದ ಹಡಗು ಹತ್ತಿದರು. ಎರಡನೇ ಮಹಾಯುದ್ಧದ ಬಾಂಬುಗಳು ಬರ್ಮಂಡ್ಸೆಯನ್ನು ಜರ್ಜರಗೊಳಿಸಿದವು. ನೆಕಿಂಜರ್ ಗಿರಣಿ ಈಗ ವಾಸದ ಫ್ಲ್ಯಾಟುಗಳು. ಹಳೆಯ ಓಕ್ ತೊಗಟೆಯ ಹದ ನೋಡಬೇಕೆಂದರೆ ಡೆವನ್ನಿನ ಕೋಲಿಟನ್ ಎಂಬ ಸಣ್ಣ ಊರಿನ ಬೇಕರ್ ಅವರ ಕಾರ್ಖಾನೆಗೆ ಹೋಗಬೇಕು. ವಂಶ ಹುಡುಕುವವರಿಗೆ 2022ರಲ್ಲಿ ತೆರೆದ 1921ರ ಗಣತಿ ದೊಡ್ಡ ಉಡುಗೊರೆ, ಯಾರ ಬಳಿ, ಎಲ್ಲಿ ಕೆಲಸ ಎಂಬುದೂ ಅದರಲ್ಲಿದೆ. ಅದರ ಮುಂದಿನ 1931ರ ಹಾಳೆಗಳು 1942ರ ಬೆಂಕಿಯಲ್ಲಿ ಸುಟ್ಟುಹೋದವು.

ಬರ್ಮಂಡ್ಸೆಯ ಕರ್ರಿಯರನ ಕೈಗೆ ಬರುತ್ತಿದ್ದದ್ದು ಇಂಗ್ಲೆಂಡಿನ ತೊಗಲು ಮಾತ್ರವಲ್ಲ. ಮದ್ರಾಸಿನ ಬಂದರಿನಿಂದ ‘ಈಸ್ಟ್ ಇಂಡಿಯಾ ಕಿಪ್’ ಎಂಬ ಹೆಸರಿನಲ್ಲಿ ನಮ್ಮ ಸಣ್ಣ ಜಾತಿಯ ದನಗಳ ಚರ್ಮ ಅರೆಹದವಾಗಿ ಹಡಗು ಹತ್ತುತ್ತಿತ್ತು. ಲಂಡನ್ನಿನಲ್ಲಿ ಹರಾಜಾಗಿ, ಎಣ್ಣೆ ಉಂಡು, ನಾರ್ಥಾಂಪ್ಟನ್ನಿನ ಬೂಟುಗಳ ಮೇಲ್ಭಾಗವಾಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಸೈನಿಕರ ಬೂಟಿಗೆಂದು ಬ್ರಿಟಿಷ್ ಸರ್ಕಾರವೇ ಆ ಚರ್ಮವನ್ನು ಕೊಂಡುಕೊಂಡಿತು. ಅದರ ಹದಕ್ಕೆ ಬಳಸಿದ್ದು ಮೈಸೂರು ಸೀಮೆಯ ಒಣ ಬಯಲಿನಲ್ಲೂ ಹಳದಿ ಹೂ ಬಿಟ್ಟು ನಿಲ್ಲುವ ತಂಗಡಿ ಗಿಡದ ತೊಗಟೆ, ಅದರೊಡನೆ ಅಳಲೆಕಾಯಿ. ಆಂಬೂರು, ವಾಣಿಯಂಬಾಡಿ, ದಿಂಡಿಗಲ್ ಕಡೆಯ ಗುಂಡಿಗಳಿಗೆ ಇಳಿದು ದುಡಿದವರು ಬಹುಪಾಲು ದಲಿತರು.

1881ರ ಫೆಬ್ರುವರಿ 17ರಂದು ಭಾರತದಲ್ಲಿ ಜನಗಣತಿ ನಡೆಯಿತು, ಏಪ್ರಿಲ್ 3ರಂದು ಇಂಗ್ಲೆಂಡಿನಲ್ಲಿ. ಬರ್ಮಂಡ್ಸೆಯ ಕರ್ರಿಯರನ ಮರಿಮೊಮ್ಮಗಳು ಆ ಏಪ್ರಿಲ್ ರಾತ್ರಿ ಅವನು ಯಾವ ಬೀದಿಯಲ್ಲಿದ್ದ, ಜೊತೆಗೆ ಯಾರಿದ್ದರು, ಕೊನೆಯ ಕೂಸಿಗೆ ಎಷ್ಟು ತಿಂಗಳಾಗಿತ್ತು ಎಂಬುದನ್ನು ಇವತ್ತು ಓದಬಲ್ಲಳು. ಭಾರತದಲ್ಲಿ ಜಾತಿ, ಕಸುಬುಗಳ ಕೋಷ್ಟಕ ಅಚ್ಚಾದ ಮೇಲೆ ಮನೆಮನೆಯ ಹಾಳೆಗಳನ್ನು ಉಳಿಸಲಿಲ್ಲ. ಅದೇ ಚರ್ಮವನ್ನು ಮೊದಲು ತಂಗಡಿ ನೀರಿನಲ್ಲಿ ಅದ್ದಿ ತೆಗೆದವನು ಆ ಕೋಷ್ಟಕದಲ್ಲಿ, ಒಂದು ಜಾತಿಯ ಮುಂದಿನ ಒಟ್ಟು ಮೊತ್ತದೊಳಗೆ, ಒಂದು ಎಂದು ಸೇರಿದ್ದಾನೆ.