ಮೋಟಾರು ಗಾಡಿಯ ಎಂಟು ತಂತಿಗಳು

ಈಚೆಗೆ ಯಲಹಂಕದ ಒಂದು ಷೆಡ್ಡಿನಲ್ಲಿ, ತಾತನ ಕಾಲದ ಪ್ರೀಮಿಯರ್ ಪದ್ಮಿನಿ ಗಾಡಿಗೆ ಹೊಸ ಸ್ಟೀರಿಯೋ ಜೋಡಿಸುವ ಕೆಲಸವನ್ನು ನಾವು ನೋಡುತ್ತ ನಿಂತಿದ್ದೆವು. ಜೋಡಿಸುತ್ತಿದ್ದವನು ಕಾಲೇಜಿನ ವಿದ್ಯಾರ್ಥಿ. ಹಳೆಯ ರೇಡಿಯೋವನ್ನು ಹೊರಕ್ಕೆ ಎಳೆದಾಗ ಅದರ ಹಿಂದಿನಿಂದ ತಂತಿಗಳ ಒಂದು ಕಂತೆಯೇ ಹೊರಬಿದ್ದಿತು. ಧೂಳಿನಿಂದಲೂ ಕಾವಿನಿಂದಲೂ ಅವುಗಳ ಬಣ್ಣವೆಲ್ಲ ಒಂದೇ ಆಗಿದ್ದಿತು. ಅವನು ಅಂದಾಜಿನ ಮೇಲೆ ತಂತಿಗಳನ್ನು ಹೆಣೆದು, ಟೇಪು ಸುತ್ತಿ, ಕೀಲಿ ತಿರುಗಿಸಿದನು. ಸಂಗೀತ ಹೊರಡುವ ಮೊದಲೇ ಸುಟ್ಟ ವಾಸನೆ ಹೊರಟಿತು. ಎರಡು ತಿಂಗಳು ಉಳಿಸಿದ ಕೈಖರ್ಚಿನ ಹಣ ಒಂದು ನಿಮಿಷದಲ್ಲಿ ಹೊಗೆಯಾಯಿತು.

ತಪ್ಪು ಎಲ್ಲಿ ಆಯಿತು? ಇದನ್ನು ತಿಳಿಯಲು ಧ್ವನಿವರ್ಧಕದ ರಚನೆಯನ್ನು ಸ್ವಲ್ಪ ನೋಡಬೇಕು. ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಇಂಜಿನಿಯರುಗಳು ೧೯೨೫ರಲ್ಲಿ ರೂಪಿಸಿದ ಮಾದರಿಯೇ ಇಂದಿಗೂ ಬಹುಮಟ್ಟಿಗೆ ಉಳಿದಿದೆ. ಬಲವಾದ ಕಾಂತದ ನಡುವೆ ತೆಳುತಂತಿಯ ಸುರುಳಿ. ಆ ಸುರುಳಿಗೆ ಅಂಟಿದ ಕಾಗದದ ಶಂಕು. ಸುರುಳಿಯಲ್ಲಿ ವಿದ್ಯುತ್ಪ್ರವಾಹ ಒಂದು ದಿಕ್ಕಿನಲ್ಲಿ ಹರಿದರೆ ಶಂಕು ಮುಂದಕ್ಕೆ ಬರುವುದು; ದಿಕ್ಕು ಬದಲಾದರೆ ಹಿಂದಕ್ಕೆ ಸರಿಯುವುದು. ಸೆಕೆಂಡಿಗೆ ನೂರಾರು ಸಲ ಹೀಗಾದಾಗ ನಮಗೆ ಸ್ವರ ಕೇಳಿಸುತ್ತದೆ.

ಹಳೆಯ ಗಾಡಿಗಳ ಅನೇಕ ರೇಡಿಯೋಗಳಲ್ಲಿ ಸುರುಳಿಯ ಒಂದು ತುದಿಯನ್ನು ಗಾಡಿಯ ಲೋಹದ ಮೈಗೇ ಸೇರಿಸಿಬಿಡುತ್ತಿದ್ದರು. ಒಂದು ತಂತಿ ಉಳಿಯುತ್ತಿತ್ತು, ತೊಂದರೆಯೂ ಇರಲಿಲ್ಲ. ಜಾಲಹಳ್ಳಿಯಲ್ಲಿ ೧೯೫೪ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು ಟ್ರಾನ್ಸಿಸ್ಟರುಗಳನ್ನು ತಯಾರಿಸತೊಡಗಿದ ಕಾಲದಲ್ಲಿ ಈ ಪದ್ಧತಿ ಸಾಮಾನ್ಯವಾಗಿತ್ತು. ಇಂದಿನ ಸ್ಟೀರಿಯೋ ಬೇರೆ ಬಗೆಯದು. ಅದರಲ್ಲಿ ಒಂದೊಂದು ಧ್ವನಿವರ್ಧಕಕ್ಕೂ ಎರಡು ವರ್ಧಕಗಳಿದ್ದು, ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಸುರುಳಿಗೆ ದೊರೆಯುವ ವೋಲ್ಟೇಜು ಇಮ್ಮಡಿಯಾಗುವುದರಿಂದ ಶಕ್ತಿಯು ನಾಲ್ಮಡಿಯಾಗುತ್ತದೆ. ಆದರೆ ಎರಡು ತಂತಿಗಳಲ್ಲಿಯೂ ಬ್ಯಾಟರಿಯ ಅರ್ಧದಷ್ಟು, ಎಂದರೆ ಸುಮಾರು ೬ ಅಥವಾ ೭ ವೋಲ್ಟು, ಸದಾ ನಿಂತಿರುತ್ತದೆ. ಇವುಗಳಲ್ಲಿ ಯಾವುದೇ ಒಂದು ಗಾಡಿಯ ಮೈಗೆ ತಾಗಿದರೂ ಪ್ರವಾಹ ನುಗ್ಗಿ ಹರಿಯುವುದು. ಒಳ್ಳೆಯ ಸೆಟ್ಟುಗಳು ಆಗ ತಾವಾಗಿಯೇ ನಿಂತುಕೊಳ್ಳುತ್ತವೆ. ನಮ್ಮ ವಿದ್ಯಾರ್ಥಿ ಕೊಂಡುದು ಅಗ್ಗದ ಸೆಟ್ಟು.

ಬಣ್ಣಗಳ ಮಾತು. ಹೊಸ ಸೆಟ್ಟಿನ ತಂತಿಗಳಿಗೆ ಬಹುಮಟ್ಟಿಗೆ ಒಂದು ವಾಡಿಕೆ ಉಂಟು: ಬಿಳಿ ಎಂದರೆ ಮುಂದಿನ ಎಡಭಾಗ, ಬೂದು ಮುಂದಿನ ಬಲಭಾಗ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಪ್ರತಿಯೊಂದಕ್ಕೂ ಜೊತೆಯಾಗಿ ಅದೇ ಬಣ್ಣದ ಮೇಲೆ ಕಪ್ಪು ಗೆರೆಯಿರುವ ಋಣತಂತಿ; ಅಂತು ಎಂಟು. ಆದರೆ ಇದು ಸೆಟ್ಟಿನ ವಾಡಿಕೆಯೇ ಹೊರತು ಗಾಡಿಯದಲ್ಲ. ಗಾಡಿಯ ಕಾರ್ಖಾನೆಗಳು ತಮ್ಮ ತಮ್ಮ ಇಷ್ಟದಂತೆ ಬಣ್ಣ ಕೊಟ್ಟಿವೆ. ಆದುದರಿಂದ ಬಿಳಿಗೆ ಬಿಳಿ ಕೂಡಿಸಿದರೆ ಆಯಿತೆಂದು ನಂಬುವುದು ಶುದ್ಧ ಅವಿವೇಕ.

ಸರಿಯಾದ ಕ್ರಮ ಹೀಗೆ. ಮೊದಲು ಮಲ್ಟಿಮೀಟರಿನಿಂದ, ಗಾಡಿಯ ಮೈಗೆ ಹೋಲಿಸಿ, ವೋಲ್ಟೇಜು ತೋರುವ ತಂತಿಗಳನ್ನು ಹುಡುಕಿ ಬೇರೆ ಇಡಬೇಕು: ಸದಾ ೧೨ ವೋಲ್ಟು ಇರುವುದೊಂದು, ಕೀಲಿ ತಿರುಗಿಸಿದಾಗ ಮಾತ್ರ ಬರುವುದೊಂದು, ದೀಪ ಹಾಕಿದಾಗ ಬರುವುದೊಂದು. ಬಳಿಕ ಬ್ಯಾಟರಿಯ ಋಣತುದಿಯನ್ನು ಬಿಚ್ಚಿ, ಉಳಿದ ತಂತಿಗಳ ರೋಧವನ್ನು ಎರಡೆರಡಾಗಿ ಅಳೆಯಬೇಕು. ೪ ಓಮಿನ ಧ್ವನಿವರ್ಧಕವಾದರೆ ಮೀಟರು ೩ರಿಂದ ೪ರೊಳಗೆ ತೋರಿಸುವುದು. ಆ ಎರಡು ತಂತಿಗಳು ಒಂದು ಜೋಡಿ. ಜೋಡಿಯ ಯಾವ ತಂತಿಗೂ ಗಾಡಿಯ ಮೈಯೊಡನೆ ಸಂಪರ್ಕವಿರಕೂಡದು. ಇದ್ದರೆ ಹಳೆಯ ತಂತಿಯನ್ನು ಕೈಬಿಟ್ಟು, ಧ್ವನಿವರ್ಧಕದ ತನಕ ಎರಡು ಹೊಸ ತಂತಿಗಳನ್ನು ಎಳೆಯುವುದೇ ಮೇಲು. ಪದ್ಮಿನಿಯಲ್ಲಿ ಈ ಒಂದು ಅಳತೆಯನ್ನು ಮೊದಲೇ ಮಾಡಿದ್ದರೆ ಸೆಟ್ಟು ಉಳಿಯುತ್ತಿತ್ತು.

ಯಾವ ಜೋಡಿ ಯಾವ ಬಾಗಿಲಿನದು, ಅದರಲ್ಲಿ ಧನ ಯಾವುದು? ಇದಕ್ಕೆ ಟಾರ್ಚಿನ ಒಂದು ಸೆಲ್ಲು ಸಾಕು. ೧.೫ ವೋಲ್ಟಿನ ಸೆಲ್ಲನ್ನು ಜೋಡಿಗೆ ಕ್ಷಣಮಾತ್ರ ಮುಟ್ಟಿಸಿದರೆ ಒಂದು ಕಡೆಯಿಂದ 'ಟಪ್' ಎಂದು ಸದ್ದಾಗುವುದು. ಹರಿಯುವ ಶಕ್ತಿ ಸುಮಾರು ಅರ್ಧ ವ್ಯಾಟು ಮಾತ್ರವಾದುದರಿಂದ ಸುರುಳಿಗೆ ಕೇಡಿಲ್ಲ. ಜಾಲರಿ ತೆಗೆದು ಶಂಕುವನ್ನು ನೋಡಿರಿ. ಅದು ಹೊರಕ್ಕೆ ನೆಗೆದರೆ ಸೆಲ್ಲಿನ ಧನತುದಿ ಮುಟ್ಟಿದ ತಂತಿಯೇ ಧನ. ಯಶವಂತಪುರದ ಹಿರಿಯ ಎಲೆಕ್ಟ್ರೀಷಿಯನ್ನರೊಬ್ಬರು ಆ ಹುಡುಗನಿಗೆ ಹೇಳಿದ ಮಾತು ನಮಗೆ ಬಹಳ ಹಿಡಿಸಿತು: "ಬಣ್ಣ ನಂಬಬೇಡಪ್ಪ, ಕಾಗದ ನಂಬು." ತಾರಸ್ವರಕ್ಕೆಂದೇ ಇರುವ ಚಿಕ್ಕ ಧ್ವನಿವರ್ಧಕದ ದಾರಿಯಲ್ಲಿ ಕೆಪಾಸಿಟರ್ ಇರುವುದುಂಟು, ಆಗ ಮೀಟರು ತಂತಿ ಕಡಿದಂತೆ ತೋರಿಸಿದರೂ ಅದು ಕೆಟ್ಟಿದೆಯೆಂದು ತಿಳಿಯಬಾರದು. ಗಾಡಿಯಲ್ಲಿ ಪ್ರತ್ಯೇಕ ವರ್ಧಕ ಪೆಟ್ಟಿಗೆಯಿದ್ದರೆ ಈ ಪರೀಕ್ಷೆ ನಡೆಯುವುದಿಲ್ಲ.

ಧನ ಋಣಗಳು ಅದಲುಬದಲಾದರೆ ಏನೂ ಸುಡುವುದಿಲ್ಲ. ಆದರೆ ಮೃದಂಗ ಸೊರಗುತ್ತದೆ. ೧೦೦ ಕಂಪನಗಳ ಸ್ವರದ ಅಲೆಯ ಉದ್ದ ಸುಮಾರು ೩.೪ ಮೀಟರು, ಗಾಡಿಯ ಎರಡು ಬಾಗಿಲುಗಳ ನಡುವಣ ದೂರ ಅದರ ಅರ್ಧವೂ ಇಲ್ಲ. ಒಂದು ಶಂಕು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆದರೆ ಮಂದ್ರಸ್ವರಗಳು ಒಂದನ್ನೊಂದು ಬಹುಭಾಗ ಅಳಿಸಿಹಾಕುತ್ತವೆ. ತಾರಸ್ವರದ ಅಲೆಗಳು ಗಿಡ್ಡವಾದುದರಿಂದ ಅವಕ್ಕೆ ಅಷ್ಟು ನಷ್ಟವಿಲ್ಲ. ಎಷ್ಟೋ ಮಂದಿ ಇದನ್ನರಿಯದೆ ಧ್ವನಿವರ್ಧಕವನ್ನೇ ಹಳಿಯುತ್ತಾರೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ. ನಮ್ಮ ದೇಶದಲ್ಲಿ ೨೦೧೯ರ ಜುಲೈ ೧ರಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗು ಕಡ್ಡಾಯವಾಯಿತು. ಅದನ್ನು ಉಬ್ಬಿಸುವ ಸಿಡಿಮದ್ದಿನ ತಂತಿಯ ರೋಧ ಸುಮಾರು ೨ ಓಮ್. ಎಂದರೆ ಮೀಟರಿಗೆ ಅದೂ ಧ್ವನಿವರ್ಧಕದಂತೆಯೇ ಕಾಣಬಹುದು. ಒಂದು ಆಂಪಿಯರಿನಷ್ಟು ಪ್ರವಾಹ ಕ್ಷಣಕಾಲ ಹರಿದರೆ ಅದು ಸಿಡಿಯಬಲ್ಲದು. ಟಾರ್ಚಿನ ಸೆಲ್ಲು ಆ ಮಟ್ಟಕ್ಕೆ ಬಹಳ ಸಮೀಪ. ಈ ತಂತಿಗಳಿಗೆ ಸಾಮಾನ್ಯವಾಗಿ ಹಳದಿಯ ಕವಚ, ಹಳದಿಯ ಸಾಕೆಟ್ಟು ಇರುತ್ತವೆ. ಸೆಟ್ಟಿನ ಬ್ಯಾಟರಿ ತಂತಿಯೂ ಹಳದಿಯೇ ಆಗಿರುವುದು ದುರದೃಷ್ಟ. ಆದರೆ ಅದು ಒಂಟಿ ತಂತಿ. ಹಳದಿ ಕವಚದೊಳಗಿನದಕ್ಕೆ ಸೆಲ್ಲನ್ನಾಗಲಿ ಮೀಟರನ್ನಾಗಲಿ ಎಂದಿಗೂ ಮುಟ್ಟಿಸಬಾರದು. ಪದ್ಮಿನಿಯಲ್ಲಿ ಈ ಭಯವಿಲ್ಲ. ಹೆಬ್ಬಾಳದ ಮೇಲುಸೇತುವೆಯ ಮೇಲೆ ಸಾಲುಗಟ್ಟಿ ನಿಲ್ಲುವ ಇಂದಿನ ಹೊಸ ಗಾಡಿಗಳಲ್ಲೆಲ್ಲ ಇದೆ.

ನಮ್ಮ ವಿದ್ಯಾರ್ಥಿ ಮೂರು ತಿಂಗಳ ಬಳಿಕ ಎರಡನೆಯ ಸೆಟ್ಟನ್ನು ತಂದನು. ಈ ಸಲ ಬಾಗಿಲುಗಳಿಗೆ ಹೊಸ ತಂತಿ ಎಳೆದು, ಪ್ರತಿ ಜೋಡಿಗೂ ಚೀಟಿ ಅಂಟಿಸಿ, ಸೆಲ್ಲು ಮುಟ್ಟಿಸಿ ನೋಡಿದನು. ಎಡಬಾಗಿಲಿನ ಶಂಕು ಒಳಕ್ಕೆ ಹೋಯಿತು. ತಂತಿಗಳನ್ನು ಅದಲುಬದಲು ಮಾಡಿದನು. ಕೀಲಿ ತಿರುಗಿಸಿದಾಗ ೧೦೧.೩ರಲ್ಲಿ ಆಕಾಶವಾಣಿ ಕೇಳಿಸಿತು.